ಅಡಾಲ್ಬರ್ಟ್ ಎಲ್ಲಿದ್ದಾರೆ ಎಂದು ಕೇಳಿದವರಿಗೆ

ಸ್ಮಶಾನದ ಆಡಳಿತ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಅಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಇಷ್ಟು ವರ್ಷ ನೆಮ್ಮದಿಯಾಗಿ ಮಲಗಿದ್ದವನನ್ನು ಎಬ್ಬಿಸಿ, ನೀನು ಯಾರು ಎಂದು ತಾವು ಈಗ ಕೇಳುತ್ತಿದ್ದೀರಿ. ಸತ್ತವರ ಹಬ್ಬಕ್ಕೆ ಮುಂಚೆ ಕಲ್ಲು ತೊಳೆದು ಬರೋಣವೆಂದು ಕಳೆದ ತಿಂಗಳು ಬಕೆಟ್ಟು, ಬ್ರಷ್ಷು ಹಿಡಿದು ಹೋದ ನನಗೆ ಸಮಾಧಿಯ ಮೇಲೆ ಕಂಡದ್ದು ತಮ್ಮ ಕಚೇರಿಯ ಹಳದಿ ಚೀಟಿ. "ಈ ಜಾಗದ ಗುತ್ತಿಗೆದಾರರು ಪತ್ತೆಯಿಲ್ಲ. ನವೆಂಬರ್ ಮೂವತ್ತರೊಳಗೆ ಸಂಪರ್ಕಿಸದಿದ್ದಲ್ಲಿ ಕಲ್ಲನ್ನು ತೆರವುಗೊಳಿಸಿ ಜಾಗವನ್ನು ಬೇರೆಯವರಿಗೆ ನೀಡಲಾಗುವುದು." ಪತ್ತೆಯಿಲ್ಲದವನ ಎದೆಯ ಮೇಲೆಯೇ ಚೀಟಿ ಅಂಟಿಸಿ ಹೋಗಿದ್ದೀರಲ್ಲ, ತಮ್ಮ ಸಿಬ್ಬಂದಿಯ ಚುರುಕುತನಕ್ಕೆ ಏನು ಹೇಳಲಿ.

ಮರುದಿನವೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಕಿಟಕಿಯಾಚೆ ಕೂತಿದ್ದ ಹುಡುಗಿ ಒಳ್ಳೆಯವಳೇ. ಕೂರಲು ಕುರ್ಚಿ ಕೊಟ್ಟಳು. ಕಂಪ್ಯೂಟರ್ ನೋಡಿ ಹೇಳಿದಳು: "ಮೇಡಂ, ಈ ಜಾಗ ಅಡಾಲ್ಬರ್ಟ್ ರಾಶ್ಕ ಅನ್ನೋರ ಹೆಸರಲ್ಲಿದೆ. ಅವರಿಗೆ ಮೂರು ನೋಟಿಸ್ ಕಳಿಸಿದ್ದೀವಿ. ಒಂದಕ್ಕೂ ಉತ್ತರ ಕೊಟ್ಟಿಲ್ಲ."

"ಅವರು ಅದೇ ಕಲ್ಲಿನ ಕೆಳಗಿದ್ದಾರಮ್ಮ. ಅಲ್ಲೇ ಕೊಟ್ಟು ಬರಬಹುದಿತ್ತು."

"ಇಲ್ಲ ಮೇಡಂ, ಅಲ್ಲಿ ಹೂಳಿರೋದು ವೊಯ್ತ್ಯೆಖ್ ರಾಶ್ಕ ಅಂತಿದೆ. ಎರಡು ಸಾವಿರದ ನಾಲ್ಕರಲ್ಲಿ."

"ಹೌದು. ಅವರೇ ಇವರು."

"ಆದ್ರೆ ಕಲ್ಲಿನ ಮೇಲೆ ವೊಯ್ಚೆಖ್ ಅಂತ ಕೆತ್ತಿದೆ. ಫೋಟೋ ತೆಗೆದ್ಕೊಂಡ್ ಬಂದಿದ್ದಾರೆ ನಮ್ಮವರು."

"ಅವರೂ ಇವರೇ."

ಅವಳು ನನ್ನನ್ನು ನೋಡಿದ ಬಗೆಯಲ್ಲೇ ಅರ್ಥವಾಯಿತು, ಮುದುಕಿಗೆ ಅರಳುಮರಳು ಎಂದುಕೊಂಡಳು ಎಂದು. ತಮ್ಮ ದಾಖಲೆಯ ಪ್ರಕಾರ ಗುತ್ತಿಗೆ ಹಿಡಿದವನು ನೂರನಾಲ್ಕು ವರ್ಷದ ಜೀವಂತ ಅಡಾಲ್ಬರ್ಟ್, ಬರೀ ಸೋಮಾರಿ, ಕಾಗದಕ್ಕೆ ಉತ್ತರ ಬರೆಯುವುದಿಲ್ಲ. ಒಳಗೆ ಮಲಗಿರುವವನು ಕಲ್ಲೇ ಇಲ್ಲದ ವೊಯ್ತ್ಯೆಖ್. ಕಲ್ಲಿನ ಮೇಲಿರುವವನು ಹೂಳಿಸಿಕೊಳ್ಳದೆಯೇ ಹೆಸರು ಕೆತ್ತಿಸಿಕೊಂಡ ವೊಯ್ಚೆಖ್. ಎಂಥ ಮೂವರನ್ನು ಹುಡುಕಿಕೊಟ್ಟಿದ್ದೀರಿ ನನಗೆ!

ಮಾನ್ಯರೇ, ತಾವು ಈ ಸೀಮೆಗೆ ಹೊಸಬರು ಎಂದು ಕೇಳಿದ್ದೇನೆ. ಅದಕ್ಕೇ ಹೇಳಬೇಕಾಗಿದೆ. ಅಪ್ಪ ಹುಟ್ಟಿದ್ದು, ಬೆಳೆದದ್ದು, ಸತ್ತದ್ದು ಓಲ್ಜಾ ನದಿಯ ಈ ದಡದ ಒಂದೇ ಮನೆಯಲ್ಲಿ. ಅವನು ಎಲ್ಲಿಗೂ ಹೋಗಲಿಲ್ಲ. ದೇಶಗಳೇ ಸರದಿಯ ಮೇಲೆ ಅವನ ಅಂಗಳಕ್ಕೆ ಬಂದವು. ಅವರಮ್ಮ ಪೋಲಿಷ್‌ನಲ್ಲಿ ವೊಯ್ಚೆಖ್ ಎಂದು ಹೆಸರಿಟ್ಟಳು. ಅವನಿಗೆ ಒಂದು ವರ್ಷ ತುಂಬಿದ ಮೇಲೆ ನದಿಯನ್ನೇ ಗಡಿ ಮಾಡಿದರು, ಈ ದಡ ಚೆಕ್ಕರ ಪಾಲಾಯಿತು, ಮುಂದೆ ಚೆಕ್ ಶಾಲೆಗೆ ಸೇರಿದಾಗ ಮೇಷ್ಟ್ರು ವೊಯ್ತ್ಯೆಖ್ ಎಂದು ಬರೆದುಕೊಂಡರು. ಹತ್ತೊಂಬತ್ತನೆಯ ವಯಸ್ಸಿಗೆ ಪೋಲೆಂಡಿನ ಸೈನ್ಯ ಸೇತುವೆ ದಾಟಿ ಬಂತು, ಮತ್ತೆ ವೊಯ್ಚೆಖ್ ಆದ. ಮರುವರ್ಷ ಜರ್ಮನರು ಬಂದರು. ಮೇಜಿನ ಹಿಂದೆ ಕೂತವನು ತಲೆಯನ್ನೂ ಎತ್ತದೆ ಅಡಾಲ್ಬರ್ಟ್ ಎಂದು ಬರೆದ. ಯುದ್ಧ ಮುಗಿದ ಮೇಲೆ ಪುನಃ ವೊಯ್ತ್ಯೆಖ್. ರೈಲ್ವೆ ಗೇಟಿನ ಕೆಲಸ ಅದೇ, ಕೋಟು ಅದೇ, ಮೂಗಿನ ಮೇಲಿನ ಮಚ್ಚೆಯೂ ಅದೇ.

ಅಮ್ಮ ಮಾತ್ರ ಸಂಸಾರ ಮಾಡಿದ ಐವತ್ಮೂರು ವರ್ಷವೂ ಅವನನ್ನು ಮುದ್ದಿನಿಂದ ವೊಯ್ತೆಕ್ ಎಂದೇ ಕೂಗಿದಳು. ಎಲ್ಲಿದ್ದರೂ ಓಗೊಡುತ್ತಿದ್ದ.

ನಾನು ಹುಟ್ಟಿದಾಗ ಅಪ್ಪ ಮೂರು ದಿನ ಯೋಚಿಸಿ ವಾಂದಾ ಎಂದು ಹೆಸರಿಟ್ಟನಂತೆ. ಮೂರು ಭಾಷೆಯವರೂ ಒಂದೇ ಥರ ಕೂಗುವ ಹೆಸರು. "ಇದನ್ನ ಯಾವ ನನ್ಮಗ ತಿದ್ತಾನೋ ನೋಡ್ತೀನಿ" ಎಂದಿದ್ದನಂತೆ. ತಿದ್ದಿದರು. ಬರೆಯುವಾಗ ಮೊದಲಿನ W ತೆಗೆದು V ಮಾಡಿ, ಮನೆತನದ ಹೆಸರಿಗೆ ಚೆಕ್ ಹೆಂಗಸರ 'ಓವಾ' ಎಂಬ ಬಾಲವನ್ನೂ ಅಂಟಿಸಿದರು. ಅಪ್ಪ ಆ ಜನನಪತ್ರ ನೋಡಿ ನಕ್ಕ ಎಂದು ಅಮ್ಮ ಹೇಳುತ್ತಾಳೆ. ನನಗೆ ನಗು ಬರುವುದಿಲ್ಲ.

ಅಡಾಲ್ಬರ್ಟ್ ಎಂಬ ಹೆಸರಿಗೂ ಉಳಿದೆರಡಕ್ಕೂ ಎಲ್ಲಿಯ ಸಂಬಂಧ ಎಂದು ತಾವು ಕೇಳಬಹುದು. ತಮ್ಮ ಹುಡುಗಿಯೂ ಕೇಳಿದಳು. ಸಾವಿರ ವರ್ಷದ ಹಿಂದೆ ಪ್ರಾಗ್‌ನಲ್ಲಿ ವೊಯ್ತ್ಯೆಖ್ ಎಂಬ ಬಿಷಪ್ ಇದ್ದ. ಓದುವ ಕಾಲದಲ್ಲಿ ಜರ್ಮನ್ ಗುರುವಿನ ಮೇಲಿನ ಗೌರವಕ್ಕೆ ಅಡಾಲ್ಬರ್ಟ್ ಎಂಬ ಆತನ ಹೆಸರನ್ನೂ ಇಟ್ಟುಕೊಂಡ. ಮುಂದೆ ಸಂತನಾದ. ಅಂದಿನಿಂದ ಒಂದೇ ಸಂತನನ್ನು ಚೆಕ್ಕರು ಒಂದು ಥರ, ಪೋಲರು ಒಂದು ಥರ, ಜರ್ಮನರು ಇನ್ನೊಂದು ಥರ ಕರೆದರು. ಪುಣ್ಯಕ್ಕೆ ಆತ ಕ್ಯಾಥೆಡ್ರಲ್ಲಿನಲ್ಲಿದ್ದಾನೆ. ತಮ್ಮ ಸ್ಮಶಾನದಲ್ಲಿ ಹೂಳಿದ್ದರೆ ಇಷ್ಟರಲ್ಲಿ ಆತನ ಮೇಲೂ ಹಳದಿ ಚೀಟಿ ಬಿದ್ದಿರುತ್ತಿತ್ತು.

ಸಂತ ಬೇಡ, ಹಳೆಯ ಕಥೆಯೂ ಬೇಡ. ತಮ್ಮ ಹುಡುಗಿಯ ತಲೆಯ ಮೇಲೆ ತೂಗುಹಾಕಿರುವ ಕ್ಯಾಲೆಂಡರನ್ನಾದರೂ ತಿರುಗಿಸಿ ನೋಡಿ. ನಮ್ಮಲ್ಲಿ ಹುಟ್ಟಿದ ದಿನಕ್ಕಿಂತ ಹೆಸರಿನ ದಿನ, ಅಂದರೆ ನಮ್ಮ ಹೆಸರಿನ ಸಂತನ ಹಬ್ಬ, ದೊಡ್ಡದು. ಏಪ್ರಿಲ್ ಇಪ್ಪತ್ಮೂರಕ್ಕೆ ವೊಯ್ತ್ಯೆಖ್ ಎಂದಿದೆ. ಸೇತುವೆ ದಾಟಿ ಪೋಲೆಂಡಿನ ಕಡೆಯ ಯಾವ ಅಂಗಡಿಯಲ್ಲಾದರೂ ನೋಡಿ, ಅದೇ ದಿನಕ್ಕೆ ವೊಯ್ಚೆಖ್. ನನ್ನ ಅಜ್ಜಿಯ ಕಾಲದ ಜರ್ಮನ್ ಕ್ಯಾಲೆಂಡರ್ ಇನ್ನೂ ಅಟ್ಟದಲ್ಲಿದೆ, ಅದರಲ್ಲಿ ಅದೇ ದಿನಕ್ಕೆ ಅಡಾಲ್ಬರ್ಟ್. ಆ ದಿನ ಅಪ್ಪನ ಗೇಟಿನ ಗುಡಿಸಲಿಗೆ ಮೂರು ಭಾಷೆಯ ಗೆಳೆಯರು ಬಂದು, ಅಮ್ಮ ಮಾಡಿದ ಗಸಗಸೆ ಕೇಕು ಖಾಲಿ ಮಾಡಿ, ಒಂದೇ ಬಾಟಲಿಯ ಪ್ಲಮ್ ಬ್ರಾಂದಿ ಕುಡಿದು ಹೋಗುತ್ತಿದ್ದರು. ಯಾರೊಬ್ಬರೂ ಬೇರೆಯವನ ಹಬ್ಬಕ್ಕೆ ಬಂದೆನೆಂದು ವಾಪಸು ಹೋದದ್ದಿಲ್ಲ.

ನಾನು ಮೂವತ್ನಾಲ್ಕು ವರ್ಷ ಈ ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವಳು. ಜರ್ಮನಿಯ ಸೋದರಮಾವ ಅಡಾಲ್ಬರ್ಟ್‌ಗೆ ಬರೆಯುತ್ತಿದ್ದ, ಆಚೆ ದಡದ ಅತ್ತೆ ವೊಯ್ಚೆಖ್‌ಗೆ, ಪಿಂಚಣಿ ಇಲಾಖೆ ವೊಯ್ತ್ಯೆಖ್‌ಗೆ. ಮೂರೂ ಕಾಗದ ಒಂದೇ ಬಾಗಿಲಿಗೆ ತಲುಪುತ್ತಿದ್ದವು. ಎಂಟನೆಯ ತರಗತಿ ಓದಿದ ಅಂಚೆಯವನಿಗೆ ಸೈಕಲ್ ತುಳಿಯುತ್ತ ತಿಳಿಯುತ್ತಿದ್ದದ್ದು, ಅಷ್ಟೆಲ್ಲ ಓದಿದ ತಮಗೆ ಕುರ್ಚಿಯಲ್ಲಿ ಕೂತೂ ಯಾಕೆ ತಿಳಿಯುವುದಿಲ್ಲ? ಮೊನ್ನೆ ಮೊನ್ನೆಯವರೆಗೆ ಸ್ಮಶಾನ ನೋಡಿಕೊಳ್ಳುತ್ತಿದ್ದ ಗುಂಡಿ ತೋಡುವ ಯೂರಾ ಒಂದು ನೋಟುಪುಸ್ತಕ ಇಟ್ಟಿದ್ದ. ಹತ್ತು ವರ್ಷಕ್ಕೊಮ್ಮೆ ಗುತ್ತಿಗೆ ಮುಗಿದಾಗ "ರಾಶ್ಕ, ಮುಂದುವರಿದಿದೆ" ಎಂದು ಒಂದು ಗೀಟು ಹಾಕುತ್ತಿದ್ದ. ತಾವು ಅವನಿಂದ ಪುಸ್ತಕ ಕಿತ್ತುಕೊಂಡಿರಿ, ಅವನನ್ನು ಮಾತ್ರ ಏನೂ ಕೇಳಲಿಲ್ಲ. ಅವನು ಕಳೆದ ಚಳಿಗಾಲ ಹೋಗಿಬಿಟ್ಟ.

ಆ ಪುಸ್ತಕದಲ್ಲಿ ಅಡಾಲ್ಬರ್ಟ್ ಹೇಗೆ ಬಂದ ಎಂಬುದನ್ನು ಈಗ ಕೇಳಿ. ಸಾವಿರದ ಒಂಬೈನೂರ ನಲವತ್ಮೂರರಲ್ಲಿ ಅಜ್ಜಿ ಸತ್ತಳು. ಅಪ್ಪನಿಗೆ ಇಪ್ಪತ್ನಾಲ್ಕು. ಹೂಳಲು ಜಾಗ ಬೇಕಾದರೆ ಕಾಗದಕ್ಕೆ ಸಹಿ ಬೇಕು, ಸಹಿ ಗುರುತಿನ ಚೀಟಿಯ ಹೆಸರಿನಂತೆಯೇ ಇರಬೇಕು. ತನ್ನ ತಾಯಿ ಕೊಟ್ಟ ಹೆಸರನ್ನು ಪಕ್ಕಕ್ಕಿಟ್ಟು, ಆ ತಾಯಿಯನ್ನು ಮಣ್ಣು ಮಾಡಲಿಕ್ಕಾಗಿ, ತನ್ನದಲ್ಲದ ಹೆಸರಿನಲ್ಲಿ ಅಪ್ಪ ಸಹಿ ಹಾಕಿದ. ಈ ವಿಷಯ ಅವನು ನನಗೆ ಹೇಳಿದ್ದು ಒಂದೇ ಸಲ. "ಅಮ್ಮನ ಹೆಣ ಮನೇಲಿಟ್ಕೊಂಡು ಹೆಸರಿಗೆ ಜಗಳ ಆಡೋಕಾಗುತ್ತೇನೇ? ಬರಿ ಅಂದ್ರು, ಬರ್ದೆ." ಆ ಸಹಿಯನ್ನೇ ಹಿಡಿದುಕೊಂಡು ತಾವು ಇವತ್ತು ಅವನನ್ನು ಅವನ ತಾಯಿಯ ಪಕ್ಕದಿಂದ ಎಬ್ಬಿಸಲು ಹೊರಟಿದ್ದೀರಿ.

ಕಲ್ಲಿನ ಮೇಲಾದರೂ ತಾಯಿ ಇಟ್ಟ ಹೆಸರಿರಲಿ ಎಂದು ಸಾಯುವ ಮುಂಚೆ ಕೇಳಿಕೊಂಡಿದ್ದ. ಅದಕ್ಕೇ ವೊಯ್ಚೆಖ್ ಎಂದು ಕೆತ್ತಿಸಿದೆವು. ಆಗಲೇ, ನಮ್ಮ ಕಡೆ ಎಲ್ಲರೂ ಮಾಡುವಂತೆ, ಪಕ್ಕದಲ್ಲಿ ಅಮ್ಮನ ಹೆಸರನ್ನೂ ಕೆತ್ತಿಸಿದೆವು: ಓಟಿಲ್ಯಾ, ಸಾವಿರದ ಒಂಬೈನೂರ ಮೂವತ್ತೊಂದು, ಒಂದು ಅಡ್ಡಗೆರೆ, ಆಮೇಲೆ ಖಾಲಿ ಜಾಗ. ಅಮ್ಮನಿಗೆ ಈಗ ತೊಂಬತ್ತೆರಡು. ಪ್ರತಿ ಏಪ್ರಿಲ್ ಇಪ್ಪತ್ಮೂರಕ್ಕೆ ನನ್ನ ತೋಳು ಹಿಡಿದು ಅಲ್ಲಿಗೆ ಬಂದು ಆ ಖಾಲಿ ಜಾಗವನ್ನು ಕರ್ಚೀಫಿನಿಂದ ಒರೆಸುತ್ತಾಳೆ.

ತಮ್ಮ ಹುಡುಗಿ ಒಂದು ದಾರಿ ತೋರಿಸಿದಳು. ಮೂರು ಹೆಸರಿನವನೂ ಒಬ್ಬನೇ ಎಂದು, ಅವನನ್ನು ಸಾವಿರದ ಒಂಬೈನೂರ ನಲವತ್ತೈದಕ್ಕೆ ಮುಂಚಿನಿಂದ ಬಲ್ಲ ಇಬ್ಬರು ಸಾಕ್ಷಿಗಳು ಬರೆದುಕೊಡಬೇಕಂತೆ. ಹೆಂಡತಿ, ಮಗಳು ನಡೆಯುವುದಿಲ್ಲವಂತೆ, ನಮಗೆ ಲಾಭವಿದೆಯಂತೆ. ಅಂಥ ಸಾಕ್ಷಿಗಳು ಬೇಕಾದಷ್ಟಿದ್ದಾರೆ ಮಾನ್ಯರೇ. ತಮ್ಮದೇ ಸ್ಮಶಾನದ ಮೂರನೆಯ ಸಾಲಿನಲ್ಲಿದ್ದಾರೆ.

ಇದನ್ನೆಲ್ಲ ಅಮ್ಮನಿಂದ ಮುಚ್ಚಿಡಬೇಕೆಂದಿದ್ದೆ. ಆಗಲಿಲ್ಲ. ಹಳದಿ ಚೀಟಿ ನನ್ನ ಕೋಟಿನ ಜೇಬಿನಲ್ಲಿ ಅವಳ ಕೈಗೆ ಸಿಕ್ಕಿತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ವಾಂದಾ, ಇದ್ರಲ್ಲಿ ನವೆಂಬರ್ ಮೂವತ್ತು ಅಂತಿದೆಯಲ್ಲೇ."

"ಇರ್ಲಿ ಬಿಡಮ್ಮ. ನಾನು ಮಾತಾಡ್ತೀನಿ ಅವರ ಹತ್ರ."

"ಅಷ್ಟರೊಳಗೆ ನಾನು ಹೋಗ್ಬಿಟ್ರೆ ಜಾಗ ಕೊಡ್ತಾರೇನೇ?"

"ಏನಮ್ಮ ನೀನು, ಹುಚ್ಚುಚ್ಚಾಗಿ ಮಾತಾಡ್ತೀಯ."

"ಹುಚ್ಚೇನು ಬಂತು. ಹೆಸರು ಆಗ್ಲೇ ಕೆತ್ತಿದೆ. ಒಂದು ತಾರೀಕು ಹಾಕಿದ್ರಾಯ್ತು."

ಮುದುಕಿಯ ಮಾತೆಂದು ತಲೆಗೆ ಹಚ್ಚಿಕೊಳ್ಳಲಿಲ್ಲ. ಮೊನ್ನೆ ಶನಿವಾರ ಕಿಟಕಿಯ ಹೂಕುಂಡಕ್ಕೆ ನೀರು ಹಾಕುವಾಗ ಮಣ್ಣಿನಲ್ಲಿ ಬಿಳಿಯದೇನೋ ಕಂಡಿತು. ಕೆದಕಿ ನೋಡಿದರೆ ಅಮ್ಮನ ಹೃದಯದ ಮಾತ್ರೆಗಳು, ಹನ್ನೊಂದು. ಚೀಟಿ ಓದಿ ಅವತ್ತಿಗೆ ಸರಿಯಾಗಿ ಹನ್ನೊಂದು ದಿನ. ನನಗೆ ಅಳು ಬಂತು. ಅವಳು ನನ್ನ ತಲೆ ಸವರಿ, "ಅವರು ಗಡುವು ಕೊಟ್ಟಿದ್ದಾರಲ್ಲೇ" ಎಂದಳು. ಈಗ ದಿನಾ ಬೆಳಿಗ್ಗೆ ಅವಳ ಎದುರು ಕೂತು ಮಾತ್ರೆ ನುಂಗಿಸುತ್ತಿದ್ದೇನೆ. ನಾಲಗೆಯಡಿ ಇಟ್ಟುಕೊಂಡು ನಾನು ಅತ್ತ ತಿರುಗಿದಾಗ ಉಗಿಯುತ್ತಾಳೋ ಏನೋ, ಗೊತ್ತಿಲ್ಲ.

ಹಾಗಾಗಿ ನನ್ನ ಬೇಡಿಕೆ ಇದು. ಕಂಪ್ಯೂಟರಿನಲ್ಲಿ ಅಪ್ಪನನ್ನು ತಾವು ಮೂವರನ್ನಾಗಿ ಮಾಡಿಕೊಳ್ಳಿ, ಬೇಕಿದ್ದರೆ ನಾಲ್ವರನ್ನಾಗಿ ಮಾಡಿಕೊಳ್ಳಿ, ನನಗೆ ಅದರ ಗೊಡವೆ ಬೇಡ. ಗುತ್ತಿಗೆಯನ್ನು ನನ್ನ ಹೆಸರಿಗೆ ಬರೆಯಿರಿ, ಸಹಿ ಹಾಕಲು ಯಾವ ಹೊತ್ತಿಗೆ ಕರೆದರೂ ಬರುತ್ತೇನೆ. ಆಮೇಲೆ ತಮ್ಮ ಕಚೇರಿಯ ಮೊಹರು ಒತ್ತಿದ ಕಾಗದದಲ್ಲಿ ನನ್ನ ತಾಯಿಗೆ ಒಂದೇ ಒಂದು ಸಾಲು ಬರೆದು ಕಳಿಸಿ. ಮೊಹರಿಲ್ಲದಿದ್ದರೆ ಅವಳು ನಂಬುವುದಿಲ್ಲ. ಜೀವಮಾನವಿಡೀ ಮೊಹರುಗಳನ್ನು ನೋಡಿದವಳು. ಅಕ್ಷರ ದಪ್ಪಗಿರಲಿ. ಏನು ಬರೆಯಬೇಕೆಂದು ನಾನೇ ಹೇಳುತ್ತೇನೆ:

"ಓಟಿಲ್ಯಾ ಅವರೇ, ವೊಯ್ತೆಕ್ ಪಕ್ಕದಲ್ಲಿ ನಿಮ್ಮ ಜಾಗ ಹಾಗೇ ಇದೆ. ಅವಸರವಿಲ್ಲ."

ಇಂತಿ,
ತಮ್ಮ ದಾಖಲೆಯ ಪ್ರಕಾರ ಮೂವರು ಅಪ್ಪಂದಿರಿದ್ದೂ
ಯಾರ ಮಗಳೂ ಅಲ್ಲದ
ವಾಂದಾ ರಾಶ್ಕ
(ನಿವೃತ್ತ ಅಂಚೆ ಗುಮಾಸ್ತೆ)