ಹೊಸ ಬೇಸಿಕ್ ಒಪ್ಪದ ಸಾಲುಗಳು

೩ ಅಕ್ಟೋಬರ್ ೧೯೮೮, ಸೋಮವಾರ

ಎಂದಿನಂತೆ ಕಂಪ್ಯೂಟರಿನ ಮೇಲಿನ ಕಲ್ಲಿನ ಧೂಳು ಒರೆಸಿದೆ. ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ಇಡುವುದೆಂದರೆ ಕರಿ ಕೋಟು ಹಾಕಿಕೊಂಡು ಹಿಟ್ಟಿನ ಗಿರಣಿಗೆ ಹೋದಂತೆ. ಧೂಳು ತಿಂದು, ಪ್ರೋಗ್ರಾಂ ಓದಿ ನಡೆಸುವ ಹಳೆಯ ಬೇಸಿಕ್ ಇದ್ದ ಫ್ಲಾಪಿ ಹೋದ ವಾರ ಸತ್ತಿತು. ಯಾವ ಪೆಟ್ಟಿಗೆಯಲ್ಲಿ ಯಾವ ಅಳತೆಯ ಕಲ್ಲು ಎಂದು ಪ್ಯಾಕಿಂಗ್ ಲಿಸ್ಟ್ ತೆಗೆಯಲು ನಾನು ಬರೆದ ಪ್ರೋಗ್ರಾಂ ಬೇರೆ ಫ್ಲಾಪಿಯಲ್ಲಿ ಬದುಕಿದೆ. ಗಟ್ಟಿ ಮಾಲು. ಸಾಯುವುದಿಲ್ಲ.

ಹುಬ್ಬಳ್ಳಿಯಿಂದ ಕಂಪ್ಯೂಟರ್ ಕಂಪನಿಯ ಪಂಢರೀನಾಥ ಬಂದು ಹೊಸ ಬೇಸಿಕ್ ಹಾಕಿದ. ಹಳೆಯದು ಒಂದು ಸಾಲು ಓದಿ ಒಂದು ಸಾಲು ನಡೆಸುತ್ತಿತ್ತು. ಇದು ಹಾಗಲ್ಲ — ಮೊದಲು ಪೂರ್ತಿ ಓದುತ್ತದೆ, ಎಲ್ಲ ಸರಿ ಇದ್ದರಷ್ಟೇ ಪ್ರೋಗ್ರಾಂ ಕಟ್ಟಿಕೊಡುತ್ತದೆ. ಒಂದು ಸಾಲು ತಪ್ಪಿದರೂ ಎಲ್ಲ ವಾಪಸ್.

"ಸಂಜೀಕೆ ನಡೀತದ ಬಿಡ್ರಿ" ಎಂದೆ. ಸಂಜೆಗೆ ಪರದೆ ತುಂಬ ಎರರ್.

ಪಂಢರೀನಾಥ ನಮ್ಮ ಕಾರ್ಖಾನೆಯ ಸಾವುಕಾರ ಅಮಸಿದ್ದಪ್ಪನವರಿಗೆ ಹೇಳಿದ, "ಈರಪ್ಪನವರ ಪ್ರೋಗ್ರಾಂ ಬಿಟ್ಟುಬಿಡ್ರಿ. ಹೊಸಾದು ನಾ ಬರದು ಕೊಡ್ತೇನಿ. ನಡಸ್ಲಿಕ್ಕೆ ನನ್ನ ಮನಷ್ಯಾನ್ನೂ ಕಳಸ್ತೇನಿ."

ಅಂದರೆ ಗುರುಲಿಂಗವ್ವನ ಕುರ್ಚಿ ಹೋಯಿತು. ನಮ್ಮಣ್ಣನ ಮಗಳು. ಬಿ.ಎಸ್ಸಿ. ಬೇವೂರಿನ ಶಾಲೆಯಲ್ಲಿ ಸಿಕ್ಕಿದ್ದ ಮಾಸ್ತರಿಕೆ ಬಿಟ್ಟು, ನನ್ನ ಬಡಾಯಿ ಕೇಳಿ ಈ ಕಂಪ್ಯೂಟರ್ ನಡೆಸಲು ಬಂದವಳು. ಇನ್ನೂ ಕಾಯಂ ಆಗಿಲ್ಲ.

ಸಾವುಕಾರರು ಎಂದರು, "ಶನಿವಾರ ಮದ್ರಾಸಿಗೆ ಲಾರಿ. ಅಷ್ಟರಾಗ ಪ್ಯಾಕಿಂಗ್ ಲಿಸ್ಟ್ ಬಂದ್ರ ಆಕಿ ಇರ್ತಾಳ. ಇಲ್ಲಾಂದ್ರ ಇವರ ಮನಷ್ಯಾ."

"ಶುಕ್ರವಾರನ ಕೊಡ್ತೇನ್ರಿ!"

ಎಲುಬಿಲ್ಲದ ನಾಲಿಗೆ.

೪ ಅಕ್ಟೋಬರ್, ಮಂಗಳವಾರ. ಮಧ್ಯಾಹ್ನ

ಮೊದಲ ಎರರ್ ಹತ್ತನೆಯ ಸಾಲಿನಲ್ಲಿ. ಏನಿದೆ ಅಲ್ಲಿ? 'ಶ್ರೀ ಬಸವೇಶ್ವರ ಪ್ರಸನ್ನ'. ದೇವರ ಹೆಸರಿಲ್ಲದೆ ಯಾವ ಕಾಗದ ಶುರುವಾಗುತ್ತದೆ? ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದೆ. ಹಳೆಯ ಬೇಸಿಕ್ ಎಡವಬಾರದೆಂದು ಐದನೆಯ ಸಾಲಿನಲ್ಲೇ 'ಇಪ್ಪತ್ತಕ್ಕೆ ಹೋಗು' ಎಂದು ಅಪ್ಪಣೆ ಕೊಟ್ಟಿದ್ದೆ. ಅದು ಪಾಪ, ಜಿಗಿದು ಹೋಗುತ್ತಿತ್ತು. ಹೊಸದು ಜಿಗಿಯುವ ಮುಂಚೆ ಎಲ್ಲ ಓದುತ್ತದೆ.

ಗುರುಲಿಂಗವ್ವ ನಕ್ಕಳು. "ಕಾಕಾ, ಮಂದಿ ದೇವರಿಗೆ ಕೈ ಮುಗದು ಮುಂದ ಹೋಗ್ತಾರ. ನೀ ಜಿಗದು ಹೋಗಾಕ ಕಲಿಸೀದಿ."

"ಜಿಗದ್ರೂ ಇಷ್ಟ ದಿನ ನಮ್ಮನ್ನ ಕಾದಾನಿಲ್ಲ?"

ಸಾಲಿನ ಮುಂದೆ 'ರೆಮ್' ಎಂದು ಸೇರಿಸಿದಳು. ಇದು ಬರೀ ಟಿಪ್ಪಣಿ, ಬಿಟ್ಟು ಮುಂದೆ ನಡೆ ಎಂದು ಅರ್ಥ. ದೇವರೂ ಉಳಿದ, ಎರರೂ ಹೋಯಿತು.

ಆಮೇಲಿನವು... ಬರೆಯಲು ನಾಚಿಕೆಯೇನಿಲ್ಲ. ಪ್ರೋಗ್ರಾಮಿನಲ್ಲಿ ಯಾರೂ ಹಾಯದ ಮೂಲೆ ನೋಡಿ ನೋಡಿ ನಾನೇ ಬರೆದಿಟ್ಟಿದ್ದೆ. 'ಹುನಗುಂದ ತಾಲೂಕಿಗೆ ಈರಪ್ಪ ಒಬ್ಬನೇ.' 'ಇದನ್ನು ತಿದ್ದುವವ ಇನ್ನೂ ಹುಟ್ಟಿಲ್ಲ.' ಹೊಸ ಬೇಸಿಕ್ ಒಂದನ್ನೂ ಬಿಡದೆ ಹಿಡಿದು ತಪ್ಪು, ತಪ್ಪು ಎಂದಿತು. ಗುರುಲಿಂಗವ್ವನೋ, ಅವನ್ನು ಗಟ್ಟಿಯಾಗಿ ಓದಿದಳು. ಪಾಲಿಶ್ ಮಷಿನ್ನಿನ ಇಮಾಮಹುಸೇನ ಬಾಗಿಲಲ್ಲೇ ನಿಂತಿದ್ದ.

"ಈರಪ್ಪಣ್ಣಾ, ಈ ಮಷಿನ್ನಿಗೆ ಖರೆ ಯಾವ್ದು ಸುಳ್ಳ ಯಾವ್ದು ಭಾಳ ಲಗೂನ ತಿಳೀತದ ನೋಡು."

"ಹೋಗಲೇ, ಅದಕ್ಕ ಹೊಟ್ಟಿಕಿಚ್ಚು!"

೬ ಅಕ್ಟೋಬರ್, ಗುರುವಾರ

ನಿನ್ನೆ ಬರೆಯಲಿಲ್ಲ. ಪುರುಸೊತ್ತಿಲ್ಲ. ಪೆಟ್ಟಿಗೆಗಳ ಲೆಕ್ಕಕ್ಕೆ ನಾನಿಟ್ಟ ಹೆಸರನ್ನು ಹೊಸ ಬೇಸಿಕ್ ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡಿದೆಯಂತೆ. ಹೆಸರು ಬದಲಿಸಿದೆವು, ಎಲ್ಲ ಕಡೆ. ಒಂದು ಕಡೆ ಉಳಿದರೂ ಮತ್ತೆ ಎರರ್. ಮತ್ತೆ ಹುಡುಕು. ಬಿಡುವ ಜಾತಿಯಲ್ಲ ನಾವಿಬ್ಬರೂ.

ಸಂಜೆ — ಎರರ್ ಇಲ್ಲ. ಕಟ್ಟಿತು! ಓಡಿಹೋಗಿ ಸಾವುಕಾರರಿಗೆ ಹೇಳಿದೆ, ಕರೆದುಕೊಂಡೇ ಬಂದೆ. ಪಂಢರೀನಾಥನೂ ಹಿಂದೆ ಬಂದ.

ಲಿಸ್ಟ್ ಬಂತು. ಕಲ್ಲುಗಳ ಉದ್ದ ಸೊನ್ನೆಗಿಂತ ಕಡಿಮೆ. ದಪ್ಪ ಇಲ್ಲಿಂದ ಬಾದಾಮಿ ಗುಡ್ಡ ದಾಟಿ ಆಚೆ.

"ಈರಪ್ಪನವರ, ಇದನ್ನ ಯಾವ ಲಾರಿಯೊಳಗ ಹೇರ್ತೀರಿ?" ಎಂದ ಪಂಢರೀನಾಥ.

ಸಾವುಕಾರರು ನಗಲಿಲ್ಲ. ಅದೇ ಕೆಟ್ಟದ್ದು.

೭ ಅಕ್ಟೋಬರ್, ಶುಕ್ರವಾರ. ಬೆಳಿಗ್ಗೆ

ಗುರುಲಿಂಗವ್ವ ಚೀಲ ಹೆಗಲಿಗೆ ಹಾಕಿಕೊಂಡೇ ಕೂತಿದ್ದಳು. "ಸಾಕು ಕಾಕಾ. ಬೇವೂರ ಸಾಲಿಗೆ ಹೋಗಿ ಮತ್ತ ಕೇಳ್ತೇನಿ."

"ಹುಚ್ಚಿ, ಚೀಲಾ ಇಳಿಸು. ಸಂಜೀತನಕ ಹೊತ್ತ ಐತಿ."

ಲಿಸ್ಟ್ ಹಿಡಿದು ಅಂಗಳಕ್ಕೆ ಹೋದೆ. ಒಂದೊಂದು ಕಲ್ಲಿನ ಮುಂದೆ ನಿಂತು ನೋಡಿದೆ. ಸೀಮೆಸುಣ್ಣದಲ್ಲಿ ಬರೆದ ಕಲ್ಲಿನ ನಂಬರ್ — ಸರಿ. ಪೆಟ್ಟಿಗೆಯ ನಂಬರ್ — ಸರಿ. ಟೇಪು ಹಿಡಿದೆ. ಎರಡು ಪಾಯಿಂಟ್ ನಾಲ್ಕು ಮೂರು ಮೀಟರ್. ಲಿಸ್ಟಿನಲ್ಲಿ ತಪ್ಪು. ಮುಂದಿನದೂ ಹಾಗೇ. ಅದರ ಮುಂದಿನದೂ... ಪಾಯಿಂಟ್ ಇದ್ದಲ್ಲೆಲ್ಲ ಕೆಟ್ಟಿದೆ. ಪಾಯಿಂಟ್ ಇಲ್ಲದ ಅಂಕಿ ಒಂದೂ ಕೆಟ್ಟಿಲ್ಲ!

ಬಂದು ಹೇಳಿದೆ. ಆಕೆ ಬಾಯಿ ತೆರೆದು ನನ್ನನ್ನೇ ನೋಡಿದಳು. ಆಮೇಲೆ ಚೀಲ ಇಳಿಸಿ ಹೊಸ ಬೇಸಿಕ್ಕಿನ ದಪ್ಪ ಮ್ಯಾನುವಲ್ ಎಳೆದುಕೊಂಡಳು.

ಅದೇ ದಿನ, ಸಂಜೆ

ಸಿಕ್ಕಿತು. ಹಳೆಯ ಬೇಸಿಕ್ ಪಾಯಿಂಟ್ ಇರುವ ಅಂಕಿಗಳನ್ನು ಡಿಸ್ಕಿನಲ್ಲಿ ತನ್ನದೇ ರೀತಿಯಲ್ಲಿ ಬರೆದಿಡುತ್ತಿತ್ತಂತೆ, ಹೊಸದರ ರೀತಿಯೇ ಬೇರೆ. ಪ್ರೋಗ್ರಾಂ ಕಟ್ಟುವಾಗ ಒಂದು ಮಾತು ಹೆಚ್ಚಿಗೆ ಹೇಳಿದರೆ ಹಳೆಯ ರೀತಿಯಲ್ಲೇ ಓದುತ್ತದೆ. ಹೇಳಿದಳು. ಕಟ್ಟಿತು. ಎರಡು ಪಾಯಿಂಟ್ ನಾಲ್ಕು ಮೂರು! ಕುರ್ಚಿ ಸುತ್ತ ಒಂದು ಸುತ್ತು ಕುಣಿದೆ.

ಸಾವುಕಾರರು ಬಂದರು. ಲಿಸ್ಟನ್ನು ಮೇಲಿಂದ ಕೆಳಗೆ ನೋಡಿದರು.

"ಯಾರು ಸರಿ ಮಾಡಿದ್ದು?"

'ಆಕಿ' ಎಂದರೆ ಅಣ್ಣನ ಮಗಳ ವಕೀಲಿಕೆ ಮಾಡುತ್ತಾನೆ ಎಂದುಕೊಳ್ಳುತ್ತಾರೆ. ಅವರನ್ನು ಬಲ್ಲೆ. ನನ್ನ ಮಾತಿಗೆ ಅವರ ಬಳಿ ಎಷ್ಟು ಬೆಲೆ, ಅದನ್ನೂ ಬಲ್ಲೆ. ಎದೆ ಉಬ್ಬಿಸಿದೆ.

"ನಾನ್ರಿ! ಒಬ್ಬನ. ಈಕಿಗೆ ಏನೂ ತಿಳಿಯಂಗಿಲ್ಲ."

ಗುರುಲಿಂಗವ್ವ ತಿಂದುಬಿಡುವಂತೆ ನೋಡಿದಳು.

"ಲೇ ಈರಪ್ಪಾ" ಎಂದರು ಸಾವುಕಾರರು, "ನೀ ಮಾಡೇನಿ ಅಂದದ್ದು ಒಂದರ ಖರೆ ಆಗೇತೇನೋ? ಕೃಷ್ಣಾ ಹೊಳಿ ಒಂದ ಉಸರಿನಾಗ ಈಜಿದವ ನೀ. ಆಕಡೆ ಸರದ ನಿಂದ್ರು." ಆಕೆಯ ಕಡೆ ತಿರುಗಿದರು. "ಯವ್ವಾ, ಏನ್ ಮಾಡಿದಿ, ನೀ ಹೇಳು."

ಹೇಳಿದಳು. ಮೊದಲು ತಡವರಿಸಿದಳು, ಆಮೇಲೆ ಸರಸರ. ಪಂಢರೀನಾಥ ಮ್ಯಾನುವಲ್ ಇಸಿದುಕೊಂಡು ಆ ಪುಟ ಓದಿದ. "ಖರೆ ಅದರಿ" ಎಂದ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ.

"ಇವತ್ತಿಂದ ನೀ ಕಾಯಂ" ಎಂದರು ಸಾವುಕಾರರು.

೮ ಅಕ್ಟೋಬರ್, ಶನಿವಾರ

ಲಾರಿ ಹೋಯಿತು.

ಹುನಗುಂದದ ಬಸ್ಸಿನಲ್ಲಿ ಗುರುಲಿಂಗವ್ವ ನನ್ನ ಬಿಟ್ಟು ಮುಂದಿನ ಸೀಟಿನಲ್ಲಿ ಕೂತಳು. ಇಳಿಯುವಾಗ ಕೇಳಿದಳು, "ನನಗ ಏನೂ ತಿಳಿಯಂಗಿಲ್ಲಾ?"

"ನಾ ಹಂಗ ಅಂದದ್ದಕ್ಕ ಅವರು ನಿನ್ನ ಕೇಳಿದ್ರು, ಕಾಯಂ ಆದಿ."

 ತಿಳಿಯುತ್ತಲೇ ಬಿದ್ದು ಬಿದ್ದು ನಕ್ಕಳು.

ಕಾರ್ಖಾನೆಯಲ್ಲಂತೂ ಎಲ್ಲರ ಬಾಯಲ್ಲೂ ಅದೇ — ಈರಪ್ಪನ ಮರ್ಯಾದೆಯನ್ನು ಅಣ್ಣನ ಮಗಳು ಉಳಿಸಿದಳು. ಅನ್ನಲಿ. ಆದರೆ ಇದನ್ನು ಯಾರೂ ಓದುವುದಿಲ್ಲ, ಅದಕ್ಕೆ ಬರೆದಿಡುತ್ತೇನೆ. ಪಾಯಿಂಟ್ ಇದ್ದಲ್ಲಿ ಮಾತ್ರ ಕೆಟ್ಟಿದೆ ಎಂದು ಮೊದಲು ಕಂಡವ ನಾನು. ಬಡಾಯಿ ಅಲ್ಲ. ಈ ಒಂದು ಸಲ ಖರೆ ಖರೆ ನಾನೇ. ಟೇಪಿನ ತುದಿ ಕಲ್ಲಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಲಿಸ್ಟ್ ಹಿಡಿದು, ಒಂದೊಂದೇ ಅಂಕಿ ಹೋಲಿಸಿ ನೋಡಿದ್ದೆ.