ಹೂವಿನ ಮೇಲಿನ ಮುಂಗಡ

ಬಾಳ್ಳುಪೇಟೆ
14–3–2002

ಪ್ರೀತಿಯ ಮಗಳು ಜೇಬಾಗೆ ಅಬ್ಬನ ಸಲಾಂ.

ಹೇಗಿದ್ದೀಯಮ್ಮ? ಬಕ್ರೀದ್‌ಗೆ ಬಂದಾಗ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಮೈಸೂರಿನ ಹಾಸ್ಟೆಲ್ ಊಟ ನಿನಗೆ ಒಗ್ಗುತ್ತಿಲ್ಲ ಎಂದು ಅಮ್ಮಿಗೆ ಒಂದೇ ಚಿಂತೆ. ನಾವು ಚೆನ್ನಾಗಿದ್ದೇವೆ. ಹೋದ ವಾರ ಹೂಮಳೆ ಬಂತು. ಪಾಳ್ಯದ ಕಡೆಯ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿ ನಿಂತಿವೆ.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಬಂಡವಾಳ ಹೇಗೆ ಬೆಳೆಯುತ್ತದೆ ಎಂಬುದರ ಮೇಲೆ ನಿಮ್ಮ ಎಂ.ಎ. ತರಗತಿಯಲ್ಲಿ ಜಗಳವೇ ಆಯಿತಂತೆ. ದುಡ್ಡು ಬರೀ ಗಾಡಿಯ ಕೀಲೆಣ್ಣೆ, ಗಾಡಿ ಎಳೆಯುವುದು ನೆಲ, ದುಡಿಮೆ, ಉಳಿತಾಯ ಎಂದು ಒಂದು ಪಂಗಡ. ಅಲ್ಲ, ಯಾರೂ ಕೂಡಿಡದ ದುಡ್ಡನ್ನು ಬ್ಯಾಂಕು ನಂಬಿಕೆಯ ಮೇಲೆ ಹೊಸದಾಗಿ ಹುಟ್ಟಿಸಿ, ಹೊಸ ಕೆಲಸಕ್ಕೆ ಕೈಹಾಕುವವನಿಗೆ ಕೊಡುತ್ತದೆ, ಬೆಳವಣಿಗೆ ಶುರುವಾಗುವುದೇ ಆ ಸಾಲದಿಂದ ಎಂದು ಇನ್ನೊಂದು. ಕಾಫಿ ವ್ಯಾಪಾರಿ ಅಬ್ಬ ಯಾವ ಕಡೆ ಎಂದು ಕೇಳಿದ್ದೀಯ. ಎಸ್ಸೆಸ್ಸೆಲ್ಸಿ ದಾಟದವನನ್ನು ತೀರ್ಪಿಗೆ ಕೂರಿಸಿದೆಯಲ್ಲ, ಭಲೇ!

ನಾನು ಎರಡನೆಯ ಕಡೆ. ನಿನ್ನ ಅಜ್ಜ ಕಿತ್ತಳೆಗೆ ಮಾಡುತ್ತಿದ್ದುದನ್ನೇ, ಕಾಫಿ ಮಾರುವ ಹಕ್ಕು ಸರ್ಕಾರದ ಕಾಫಿ ಬೋರ್ಡಿನಿಂದ ಬೆಳೆಗಾರರ ಕೈಗೆ ಬಂದ ಮೇಲೆ ನಾನು ಕಾಫಿಗೆ ಮಾಡಿದೆ. ಹೂವು ಅರಳಿದಾಗ ತೋಟಕ್ಕೆ ಹೋಗಿ, ಫಸಲು ಅಂದಾಜು ಮಾಡಿ, ವೀಳ್ಯದೆಲೆಯ ಮೇಲೆ ಮುಂಗಡ ಇಡುವುದು. ಆಗ ಕಾಫಿ ಎಲ್ಲಿತ್ತು? ಹೂವಷ್ಟೇ ಇತ್ತು. ಆ ದುಡ್ಡಿನಲ್ಲೇ ಪಾಳ್ಯದ ತೋಟಪ್ಪನವರು ಹೊಸ ಗಿಡ ನೆಟ್ಟರು, ಕಾಫಿ ಒಣಗಿಸಲು ಸಿಮೆಂಟಿನ ಕಣ ಹಾಕಿಸಿದರು.

ಆಮೇಲೆ ರೇಟು ನೆಲ ಕಚ್ಚಿತು. ಮೊದಲು ಕೈ ಹಿಂದೆಗೆದವರು ಸಾಲ ಕೊಡುವವರೇ. ನನಗೆ ಮುಂಗಡದ ದುಡ್ಡು ಒದಗಿಸುತ್ತಿದ್ದ ಹಾಸನದ ದೊಡ್ಡ ವ್ಯಾಪಾರಿ ಹೋದ ವರ್ಷ ಕೊಡಲಿಲ್ಲ, ನಾನು ಬರಿಗೈಲಿ ತೋಟಪ್ಪನವರ ಎದುರು ನಿಂತೆ. ಅವರೇ ವೀಳ್ಯ ನನ್ನ ಕೈಗಿಟ್ಟು, "ಈ ಸಲ ಕಾಫಿ ನೀನೇ ತಗಂಡೋಗು ಮಾರಾಯ, ಮಾರಿ ಆಮ್ಯಾಕೆ ಕೊಡು. ನಿನ್ ಹೆಸ್ರು ಐತಲ್ಲ, ಸಾಕು" ಎಂದರು. ಬೆಳೆಗಾರನೇ ವ್ಯಾಪಾರಿಗೆ ಬ್ಯಾಂಕಾದ. ನಾಚಿಕೆಯಾಯಿತು ಜೇಬಾ, ಅಳುವೂ ಬಂತು.

ಮುಂದಿನ ಹೂವು ಅರಳುವುದರೊಳಗೆ ಪೂರ್ತಿ ತೀರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹಳೆಯ ಬಾಕಿ ಇಟ್ಟುಕೊಂಡು ಹೊಸ ಹೂವು ನೋಡಬಾರದು ಎಂಬುದು ನಿನ್ನ ಅಜ್ಜ ಹಾಕಿಕೊಟ್ಟ ಕಟ್ಟು. ಕಾಫಿ ಮಾರಿದೆ, ಆದರೆ ಕೊಂಡವರು ಕೊನೆಯ ಕಂತು ಇನ್ನೂ ಕೊಟ್ಟಿಲ್ಲ. ಸೋಮವಾರ ತೋಟದ ಗೇಟಿನವರೆಗೆ ಹೋದೆ. ಒಳಗೆಲ್ಲ ಹೂವು. ತಲೆ ತಗ್ಗಿಸಿಕೊಂಡು ಸ್ಕೂಟರ್ ತಿರುಗಿಸಿದೆ.

ನಿನ್ನೆ ಮತ್ತೆ ಹೋಗಿ ಬಾಕಿ ತೀರಿಸಿದೆ. ತೋಟಪ್ಪನವರು ಎಣಿಸಲೂ ಇಲ್ಲ. "ಬಾ, ಹೂ ನೋಡುವಂತೆ" ಎಂದು ಒಳಗೆ ಕರೆದೊಯ್ದರು, ಈ ಸಲದ ಫಸಲೂ ನನಗೇ ಎಂದರು. ನಿನ್ನ ಪುಸ್ತಕದಲ್ಲಿ ಸಾಲ ಹುಟ್ಟುವ ಬಗೆ ಇದೆ. ಅದು ಹಿಂದಕ್ಕೆ ಸರಿದಾಗ ಯಾರು ಹಿಡಿದು ನಿಲ್ಲಿಸುತ್ತಾರೆ ಎಂಬುದೂ ಇದೆಯೇ? ಇದ್ದರೆ ಬರೆ.

ಅಮ್ಮಿ ನಿಂಬೆ ಉಪ್ಪಿನಕಾಯಿ ಕಳಿಸುತ್ತಿದ್ದಾಳೆ, ನಿನ್ನ ರೂಮಿನ ಸೌಜನ್ಯಳಿಗೂ ಕೊಡು. ಅಲ್ಲಾಹ್ ನಿನ್ನನ್ನು ಕಾಪಾಡಲಿ, ಹಿಡಿದ ಓದು ದಡ ಸೇರಲಿ.

ನಿನ್ನ ಅಬ್ಬ
ಶಫಿ

ತಾ.ಕ.: ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ತೋಟಪ್ಪನವರಿಗೆ ಕೊಟ್ಟದ್ದು ನಿನ್ನ ಹಾಸ್ಟೆಲ್ಲಿಗೂ ಪರೀಕ್ಷೆಗೂ ಎತ್ತಿಟ್ಟಿದ್ದ ದುಡ್ಡು. ಈ ತಿಂಗಳು ಮನಿಯಾರ್ಡರ್ ಬರುವುದಿಲ್ಲ. ವಾರ್ಡನ್ ಹತ್ತಿರ ಒಂದು ತಿಂಗಳು ಗಡುವು ಕೇಳು. ಯಾರ ಮಾತಿನ ಮೇಲೆ ಎಂದು ಕೇಳಿದರೆ ನನ್ನ ಹೆಸರು ಹೇಳು. ಬಾಳ್ಳುಪೇಟೆಯಿಂದ ಪಾಳ್ಯದವರೆಗೆ ನಡೆಯುವ ಹೆಸರು ಅದು. ಮೈಸೂರಿನಲ್ಲಿ ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ ಮಗಳೇ. ನಡೆಯದಿದ್ದರೆ ಕೂಡಲೇ ಬರೆ, ಸ್ಕೂಟರ್ ಮಾರುತ್ತೇನೆ.