ಉಮ್ಮನ ಖಾತೆಗೆ ಬಂದ ಅಪರಿಚಿತರು

ಹಾಯಿಲ್, ಸೌದಿ ಅರೇಬಿಯಾ
17 ಜನವರಿ 2025, ಶುಕ್ರವಾರ

ಮಾನ್ಯ ಅಬ್ದುಲ್ ಬಾಸಿತ್ ಅವರಿಗೆ,

ಫರಂಗಿಪೇಟೆಯ ಸುಬೈದಾರ ಮಗಳು ಜಸ್ನಾ ಸಲಾಂ ಹೇಳಿ ಬರೆಯುತ್ತಿರುವುದು.

ನಾವಿಬ್ಬರೂ ಒಮ್ಮೆಯೂ ಭೇಟಿಯಾದವರಲ್ಲ. ನೀವು ನನ್ನ ಉಮ್ಮನನ್ನು ಮದುವೆಯಾಗಲು ಒಪ್ಪಿದ್ದಿರಿ. ರಮಝಾನ್‌ಗೆ ಮೊದಲೇ ನಿಕಾಹ್ ಎಂದು ಮಾತಾಗಿತ್ತು. ಈಗ ಕೆಲವು ವಾರಗಳಿಂದ ನೀವು ನಮ್ಮ ಮನೆಯ ಕಡೆ ತಲೆ ಹಾಕಿಲ್ಲ. ಏಕೆಂದು ನನಗೆ ಗೊತ್ತು. ಉಮ್ಮನ ಬ್ಯಾಂಕ್ ಖಾತೆಗೆ ತಿಂಗಳು ತಿಂಗಳು ಹಣ ಹಾಕುತ್ತಿದ್ದ ಗಂಡಸರು ಯಾರೆಂದು ನಿಮಗೆ ತಿಳಿಯದು. ಉಮ್ಮನಿಗೂ ತಿಳಿಯದು. ನಿಜ ಹೇಳಬೇಕೆಂದರೆ ನನಗೂ ತಿಳಿಯದು. ಆದರೆ ಅವರನ್ನು ಆ ಖಾತೆಗೆ ಕಳಿಸಿದವಳು ನಾನು. ಅದನ್ನು ಹೇಳಲಿಕ್ಕೇ ಈ ಕಾಗದ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನನಗೆ ಬೇಗ ಸಿಟ್ಟು ಬರುತ್ತದೆ. ಕಾಗದದಲ್ಲಾದರೆ ಸಿಟ್ಟು ಬಂದ ಹಾಳೆಯನ್ನು ಹರಿದು ಹೊಸದು ತೆಗೆಯಬಹುದು. ಆಗಲೇ ಕೆಲವು ಹರಿದಾಗಿದೆ. ನಮ್ಮ ಆಸ್ಪತ್ರೆಯ ವ್ಯಾನ್ ಓಡಿಸುವ ಶಹೀರ್ ಪಾಣೆಮಂಗಳೂರಿನವನು, ಮುಂದಿನ ವಾರ ರಜೆಯಲ್ಲಿ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನಾನು ಪುಸ್ತಕ ಓದಿ ಹಾಳಾದವಳು ಎಂದು ಉಮ್ಮ ನಿಮಗೆ ಹೇಳಿರಬಹುದು. ದೊಡ್ಡ ಪುಸ್ತಕಗಳಲ್ಲ. ಬಿ.ಸಿ. ರೋಡ್ ಬಸ್ ನಿಲ್ದಾಣದ ಹತ್ತಿರ ಪ್ಲಾಸ್ಟಿಕ್ ಹಾಸಿ ಮಾರುತ್ತಿದ್ದರಲ್ಲ, ಪಿನ್ ಹೊಡೆದ ಕಿರುಹೊತ್ತಗೆಗಳು, ಅವು. ಬಡ್ಡಿಯ ವಿರುದ್ಧ ಯಾರೋ ಮೌಲವಿ ಬರೆದದ್ದು ಒಂದು, ದುಡಿಯುವವರ ಕೂಲಿಯ ಬಗ್ಗೆ ಕೆಂಪು ಬಾವುಟದವರು ಅಚ್ಚು ಹಾಕಿಸಿದ್ದು ಇನ್ನೊಂದು. ಎರಡನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ನರ್ಸಿಂಗ್ ಕಾಲೇಜಿಗೆ ಹೋಗುತ್ತಿದ್ದೆ. ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ ಎಂದು ಆಗ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ. ಬೆವರು ಒಬ್ಬನದು, ನಡುವೆ ಕುಳಿತು ತಿನ್ನುವವನು ಮತ್ತೊಬ್ಬ.

ಇಲ್ಲಿಗೆ ನರ್ಸಾಗಿ ಬಂದ ಮೇಲೆ ಆ ನಡುವೆ ಕುಳಿತವನನ್ನು ಕಣ್ಣಾರೆ ಕಂಡೆ. ಸಂಬಳದ ವಾರ ಪೇಟೆಯ ಹಣ ಕಳಿಸುವ ಅಂಗಡಿಯ ಮುಂದೆ ಸಾಲು ರಸ್ತೆಯವರೆಗೆ ಬರುತ್ತದೆ. ಮರುಭೂಮಿಯಲ್ಲಿ ಕುರಿ ಮೇಯಿಸುವವರು, ಗೋಧಿ ಹೊಲದವರು, ನಮ್ಮ ಆಸ್ಪತ್ರೆಯ ನೆಲ ಒರೆಸುವವರು. ಸ್ವಲ್ಪ ಕಳಿಸುವ ಕುರಿಗಾಹಿಗೂ ಹೆಚ್ಚು ಕಳಿಸುವ ಡಾಕ್ಟರಿಗೂ ಕಮಿಷನ್ ಒಂದೇ. ಗಾಜಿನ ಹಿಂದಿನವನು ಇಲ್ಲಿ ವಾಸಕ್ಕೆ ಕೊಡುವ ಇಕಾಮಾ ಕಾರ್ಡು ಕೇಳುತ್ತಾನೆ, ಆಮೇಲೆ ಪಡೆಯುವವರು ನಿಮಗೆ ಏನಾಗಬೇಕು ಎನ್ನುತ್ತಾನೆ. ನನ್ನ ಉಮ್ಮ ನನಗೆ ಏನಾಗಬೇಕು ಎಂದು ಇವನಿಗೇಕೆ ಹೇಳಬೇಕು ಎಂದು ಮೈಯೆಲ್ಲ ಉರಿಯುತ್ತಿತ್ತು.

ಆಗ ಫೋನಿನಲ್ಲಿ ಓದಿದ್ದು ಬ್ಯಾಂಕೂ ಇಲ್ಲದ, ಸರ್ಕಾರವೂ ಇಲ್ಲದ ಹಣದ ಬಗ್ಗೆ. ಕ್ರಿಪ್ಟೋ ಎಂಬ ಹೆಸರು ನೀವೂ ಕೇಳಿರುತ್ತೀರಿ. ದಿನಕ್ಕೊಂದು ಬೆಲೆಯ ಜೂಜಿನ ನಾಣ್ಯವನ್ನು ನಾನು ಮುಟ್ಟಲಿಲ್ಲ. ಡಾಲರಿನ ಬೆಲೆಗೇ ಕಟ್ಟಿಹಾಕಿದ ಒಂದು ಬಗೆ ಉಂಟು, ಅದನ್ನು ಕೊಂಡೆ. ಇಂಡಿಯಾದಲ್ಲಿ ಆ ನಾಣ್ಯ ಬೇಕಾದವನು ಒಬ್ಬ ಫೋನಿನ ಆ್ಯಪಿನಲ್ಲಿ ಯಾವಾಗಲೂ ಸಿಗುತ್ತಾನೆ. ಅವನು ರೂಪಾಯಿಯನ್ನು ಉಮ್ಮನ ಖಾತೆಗೆ ಹಾಕುತ್ತಾನೆ. ಹಾಕಿದ್ದು ಖಚಿತವಾದ ಮೇಲೆ ನಾನು ಇಲ್ಲಿಂದ ನಾಣ್ಯವನ್ನು ಅವನಿಗೆ ಬಿಟ್ಟುಕೊಡುತ್ತೇನೆ. ಕೊಟ್ಟು ತೆಗೆದುಕೊಂಡ ಮೇಲೆ ಅವನ ದಾರಿ ಅವನಿಗೆ. ಮುಂದಿನ ತಿಂಗಳು ಇನ್ನೊಬ್ಬ ಸಿಗುತ್ತಾನೆ, ಸೂರತ್‌ನವನೋ ಜೋಧಪುರದವನೋ. ಹಾಗಾಗಿ ಉಮ್ಮನಿಗೆ ಬಂದ ಹಣ ನನ್ನದು, ಅದರ ಮೇಲಿದ್ದ ಹೆಸರು ಪರರದು. ನೀವು ಮೋಟಾರಿಗೆ ತಂತಿ ಸುತ್ತುವವರು. ತಂತಿಯೊಳಗೆ ಹರಿಯುವುದನ್ನು ನೀವು ಯಾವತ್ತೂ ನೋಡಿಲ್ಲ, ಆದರೂ ಅದು ಇಲ್ಲ ಎನ್ನಲಾರಿರಿ. ಇದನ್ನೂ ಹಾಗೆಯೇ ತಿಳಿಯಿರಿ.

ಯಾರಿಗೂ ಹೇಳಬಾರದೆಂದು ಉಮ್ಮನಿಂದ ಮಾತು ತೆಗೆದುಕೊಂಡಿದ್ದೆ. ನಮ್ಮ ಹಸನ್ ಕುಂಞಿ ಮಾಮ, ಉಮ್ಮನ ಅಣ್ಣ, ಮಸೀದಿ ಕಮಿಟಿಯವರು. ಕ್ರಿಪ್ಟೋ ಎಂದರೆ ಜೂಜು, ಹರಾಂ ಎಂದು ಅವರು ಅಂಗಡಿ ಜಗಲಿಯಲ್ಲಿ ಕುಳಿತು ತೀರ್ಪು ಕೊಟ್ಟದ್ದನ್ನು ನಾನೇ ಕೇಳಿದ್ದೆ. ಅವರೊಡನೆ ವಾದ ಮಾಡುವ ಶಕ್ತಿ ನನಗಿದೆ, ಉಮ್ಮನಿಗೆ ಬೇಡ ಎಂದುಕೊಂಡೆ. ಉಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಇದರಲ್ಲಿ ಬಡ್ಡಿ ಇಲ್ಲವಲ್ಲ?” ಇಲ್ಲ ಎಂದೆ. “ಕಳ್ಳತನ?” ಛೇ ಉಮ್ಮ, ಎಂದೆ. “ಹಾಗಾದರೆ ನೀನು ಹೇಳಿದ ಹಾಗೆ,” ಎಂದಳು.

ಡಿಸೆಂಬರಿನಲ್ಲಿ ಖಾತೆಯಿಂದ ಹಣ ತೆಗೆಯಲು ಆಗಲಿಲ್ಲ. ಉಮ್ಮ ಮಾಮನನ್ನೂ ಅವರ ಮಗಳು ಶೈಮಾಳನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದಳು. ನಿಮ್ಮ ಕಿವಿಗೆ ಬಿದ್ದದ್ದು ಅಲ್ಲಿ ನಡೆದದ್ದೇ ಇರಬೇಕು. ನನಗೆ ಕಳೆದ ವಾರ ಶೈಮಾ ಹೇಳಿದಳು. ಕೌಂಟರಿನಲ್ಲಿದ್ದ ಯೋಗೀಶ್ ಒಳ್ಳೆಯ ಹುಡುಗನಂತೆ, ಆದರೆ ಸ್ವರ ದೊಡ್ಡದಂತೆ.

“ಖಾತೆಯನ್ನು ಬೇರೆ ರಾಜ್ಯದ ಪೊಲೀಸರು ನಿಲ್ಲಿಸಿದ್ದು ಅಮ್ಮ. ನಿಮಗೆ ಹಣ ಹಾಕಿದವರಲ್ಲಿ ಒಬ್ಬ ಯಾರಿಗೋ ಟೋಪಿ ಹಾಕಿದ್ದಾನೆ. ಇವರೆಲ್ಲ ಯಾರು ನಿಮಗೆ?” ಎಂದು ಕಂಪ್ಯೂಟರ್ ನೋಡಿಕೊಂಡು ಒಂದೊಂದೇ ಹೆಸರು ಓದಿದ. ಎಲ್ಲ ಗಂಡಸರ ಹೆಸರು, ಒಂದೂ ನಮ್ಮ ಕಡೆಯದಲ್ಲ. ಹಿಂದೆ ನಿಂತವರು ಇನ್ನಷ್ಟು ಹತ್ತಿರ ಸರಿದರಂತೆ.

ಮಾಮ ಕೇಳಿದರಂತೆ, “ಸುಬೈದಾ, ಇವರು ನಿನಗೆ ಎಂತ ಆಗಬೇಕು?”

“ಎಂತದೂ ಆಗಬೇಕಾಗಿಲ್ಲ.”

“ಮತ್ತೆ ಹಣ ಯಾಕೆ ಹಾಕುವುದು ಅವರು? ಪುಣ್ಯಕ್ಕಾ?”

ಉಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ಶೈಮಾ, ಬಾ ಹೋಗುವ,” ಎಂದಳಂತೆ. ಅಷ್ಟೇ. ಗಂಡ ಸತ್ತು ಇಷ್ಟು ವರ್ಷ ಹಿಟ್ಟು ರುಬ್ಬಿ ಮಾರಿ ಬದುಕಿದವಳು, ಯಾರ ಕಡೆಗೂ ಕೈ ಚಾಚದವಳು, ನನಗೆ ಕೊಟ್ಟ ಮಾತಿಗಾಗಿ ಅಷ್ಟು ಜನರ ಮುಂದೆ ಬಾಯಿ ಮುಚ್ಚಿಕೊಂಡು ನಡೆದು ಬಂದಳು. ನನ್ನೊಡನೆ ಫೋನಿನಲ್ಲಿ ಹೇಳಿದ್ದು, “ಖಾತೆ ಸರಿ ಇಲ್ಲ, ಸದ್ಯಕ್ಕೆ ಕಳಿಸಬೇಡ,” ಎಂದು ಮಾತ್ರ. ನೀವು ಬರುವುದನ್ನು ನಿಲ್ಲಿಸಿದ್ದನ್ನೂ ಹೇಳಲಿಲ್ಲ.

ವಿಷಯ ತಿಳಿದ ಕೂಡಲೇ ಮಾಮನಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಅವರು ನಕ್ಕರು. “ಕಾಣದ ನಾಣ್ಯ, ಕಾಣದ ಮನುಷ್ಯ, ಆದರೆ ಬಂದ ಹಣ ಮಾತ್ರ ಕಾಣುತ್ತದೆ! ಉಮ್ಮನ ಮಾನ ಉಳಿಸಲಿಕ್ಕೆ ಕಥೆ ಕಟ್ಟಿದ್ದು ಚೆಂದ ಉಂಟು ಜಸ್ನಾ. ಸ್ವಲ್ಪ ನಂಬುವಂಥದ್ದು ಕಟ್ಟು,” ಎಂದರು. ಜೀವಮಾನದಲ್ಲಿ ಮೊದಲ ಸಲ ನನ್ನಲ್ಲಿ ವಾದವಿದ್ದೂ ಕೇಳುವವರಿರಲಿಲ್ಲ. ನನ್ನ ಕೋಣೆಯಲ್ಲಿರುವ ಭಟ್ಕಳದ ಸಲೀಮಾ ಎಲ್ಲ ಕೇಳಿಸಿಕೊಂಡು, “ಕ್ರಾಂತಿ ಮಾಡ್ಲಿಕ್ಕೆ ನಿನಗೆ ನಿನ್ನ ಉಮ್ಮನ ಖಾತೆಯೇ ಸಿಕ್ಕಿದ್ದಾ ಮಾರಾಯ್ತಿ?” ಎಂದಳು. ಆ ದಿನ ಅವಳೊಡನೆ ಮಾತು ಬಿಟ್ಟೆ. ಮರುದಿನ ಅವಳೇ ಚಹಾ ತಂದು ಎದುರಿಗೆ ಇಟ್ಟಳು.

ಇನ್ನೊಂದು ವಿಷಯವನ್ನೂ ನೀವು ತಿಳಿಯಬೇಕು. ಪೊಲೀಸರು ಹೇಳುವ ಆ ವಂಚಕ ಹಣ ಎಗರಿಸಿದ್ದು ಯಾರೋ ನಿವೃತ್ತ ಮೇಷ್ಟ್ರಿಂದ. ಬಡ್ಡಿಯ ಕಲೆ ಇಲ್ಲದ ಹಣ ಕಳಿಸುತ್ತೇನೆಂದು ಹೊರಟ ನಾನು ಉಮ್ಮನ ಕೈಗೆ ಹಾಕಿದ್ದು ಆ ಮುದುಕರ ಕಣ್ಣೀರು. ಆ ತಿಂಗಳ ಹಣ ಅವರಿಗೆ ಹಿಂದೆ ಹೋಗಲಿ ಎಂದು ಪೊಲೀಸರಿಗೆ ಬರೆದು ಕಳಿಸಿದ್ದೇನೆ. ಈ ವರ್ಷ ಊರಿಗೆ ಬರಲು ಇಟ್ಟುಕೊಂಡದ್ದು ಉಮ್ಮನಿಗೆ ಆದ ಆ ಕೊರತೆ ತುಂಬಲು ಹೋಯಿತು. ಖಾತೆ ನಿಂತಿದೆಯಲ್ಲ, ಉಮ್ಮನಿಗೆ ಈ ಸಲ ಪೇಟೆಯ ಆ ಅಂಗಡಿಯಿಂದಲೇ, ಕೈಗೆ ನಗದಾಗಿ ಸಿಗುವಂತೆ ಕಳಿಸಿದೆ. ಪಡೆಯುವವರು ಏನಾಗಬೇಕು ಎಂದು ಗಾಜಿನ ಹಿಂದಿನವನು ಕೇಳಿದ. ತಾಯಿ ಎಂದು ಗಟ್ಟಿಯಾಗಿ ಹೇಳಿದೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅವರ ಕಮಿಷನ್ ಲೂಟಿ ಎಂಬ ನನ್ನ ಮಾತಿನಿಂದ ನಾನು ಹಿಂದೆ ಸರಿದಿಲ್ಲ. ಆದರೆ ನನ್ನ ಕಿರುಹೊತ್ತಗೆಗಳು ಹಣದ ಬಗ್ಗೆ ಹೇಳಿದವು, ಒಬ್ಬ ವಿಧವೆಯ ಹೆಸರಿನ ಪಕ್ಕದಲ್ಲಿ ಯಾರ ಹೆಸರು ಬಂದರೆ ಫರಂಗಿಪೇಟೆಯಲ್ಲಿ ಏನಾಗುತ್ತದೆ ಎಂದು ಹೇಳಲಿಲ್ಲ. ಅದು ನನಗೇ ಹೊಳೆಯಬೇಕಿತ್ತು.

ಇಷ್ಟು ನನ್ನ ಪಾಲಿನದು. ಇನ್ನು ನಿಮ್ಮದು.

ನಿಮ್ಮ ಬಗ್ಗೆ ಉಮ್ಮ ಮೊದಲು ಹೇಳಿದ ದಿನ ನೆನಪಿದೆ. “ಒಂದು ವಿಷಯ ಉಂಟು. ನೀನು ನಗಾಡಬಾರದು,” ಎಂದು ಶುರು ಮಾಡಿ ಅವಳೇ ನಗುತ್ತಿದ್ದಳು. ಗ್ರೈಂಡರ್ ಸುಟ್ಟುಹೋದದ್ದು, ನೀವು ರಿಪೇರಿ ಮಾಡಿದ್ದು, ಸರಿಯಾಗಿ ಓಡುತ್ತದಾ ಎಂದು ನೋಡಲು ಮತ್ತೆ ಬಂದದ್ದು, ಆಮೇಲೆ ಇನ್ನೊಮ್ಮೆ ಬಂದದ್ದು. “ಮತ್ತೆ ಬಂದದ್ದು ಯಾಕೆ, ಅದಕ್ಕೆ ಏನೂ ಆಗಿರಲಿಲ್ಲವಲ್ಲ?” ಎಂದೆ. “ಅದನ್ನೇ ನಾನೂ ಕೇಳಿದ್ದು. ಆ ಮನುಷ್ಯ ಸ್ಕ್ರೂ ಬಿಚ್ಚಿ ಪುನಃ ಅದೇ ಸ್ಕ್ರೂ ಹಾಕಿದರು,” ಎಂದಳು. ಹೆಂಡತಿ ತೀರಿಕೊಂಡ ಮೇಲೆ ನೀವು ಅಂಗಡಿಯಲ್ಲೇ ಊಟ ಮಾಡುತ್ತೀರೆಂದೂ, ತಿನ್ನಲು ಅಕ್ಕಿಯ ಪುಂಡಿ ಕೊಟ್ಟರೆ ಪಾತ್ರೆ ತೊಳೆದು ಹಿಂದೆ ತರುತ್ತೀರೆಂದೂ ಹೇಳಿದಳು. ಪಾತ್ರೆ ತೊಳೆಯುವ ಗಂಡಸು ಎಂದು ನನಗೂ ಗೌರವ ಬಂತು.

ಮಾಮ ಹಿಂದೆಮುಂದೆ ನೋಡಿದಾಗ ಅವರಿಗೆ ಭಾಷಣ ಬಿಗಿದವಳು ನಾನೇ. ವಿಧವೆಗೆ ಮದುವೆಯ ಹಕ್ಕು ಉಂಟು, ಧರ್ಮವೂ ಹೇಳುತ್ತದೆ, ಕಾನೂನೂ ಹೇಳುತ್ತದೆ ಎಂದೆಲ್ಲ. ಭಾಷಣ ಮುಗಿಸಿ ಹಾಸ್ಟೆಲಿನ ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಾ ಅತ್ತೆ. ಮರುಮದುವೆಯ ಬಗ್ಗೆ ನಾನು ಓದಿದ ಯಾವುದರಲ್ಲೂ ಆ ವಿಧವೆ ನನ್ನ ಉಮ್ಮ ಆಗಿರಲಿಲ್ಲ. ನೀವು ಬರುವುದನ್ನು ನಿಲ್ಲಿಸಿದಿರಿ ಎಂದು ಶೈಮಾ ಹೇಳಿದಾಗಲೂ ಮೊದಲ ಒಂದು ಕ್ಷಣ ನನ್ನ ಎದೆ ಹಗುರವಾಯಿತು. ಆಮೇಲೆ ಉಮ್ಮನಿಗೆ ಫೋನ್ ಮಾಡಿದೆ. ಎಲ್ಲ ಮಾತೂ ಆಡಿದಳು, ಎಲ್ಲಿಯೂ ನಗಲಿಲ್ಲ. ಅವಳ ಧ್ವನಿಯಲ್ಲಿ ನಗು ಇಲ್ಲದ್ದು ನಾನು ಸಣ್ಣವಳಿದ್ದಾಗ, ನಮ್ಮ ಉಪ್ಪ ತೀರಿಕೊಂಡು ಉಮ್ಮ ಒಂಟಿಯಾದ ವರ್ಷ. ಅದನ್ನು ಮತ್ತೆ ಕೇಳುವ ಧೈರ್ಯ ನನಗಿಲ್ಲ.

ಕೊಟ್ಟ ಮಾತಿನಿಂದ ನಿನ್ನನ್ನು ಬಿಡಿಸಿದ್ದೇನೆ ಉಮ್ಮ, ಈಗಲಾದರೂ ಅಬ್ದುಲ್ ಬಾಸಿತ್ ಅವರಿಗೆ ಎಲ್ಲ ಹೇಳು ಎಂದೆ. “ಕೇಳಿದರೆ ಹೇಳುವ. ಕೇಳಲಿಲ್ಲವಲ್ಲ,” ಎಂದಳು.

ಹೌದು, ನೀವು ಕೇಳಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಿಂತವರು ಹೇಳಿದ್ದನ್ನು ಕೇಳಿದಿರಿ, ನಿಮ್ಮ ತಂಗಿಯ ಬಾಯಲ್ಲಿ “ಸ್ವಲ್ಪ ತಡವಾಗಲಿ” ಎಂದು ಹೇಳಿ ಕಳಿಸಿದಿರಿ. ನಿಮ್ಮ ಅಂಗಡಿಯಿಂದ ನಮ್ಮ ಮನೆಗೆ ಎಷ್ಟು ದೂರ? ಸುಟ್ಟ ಮೋಟಾರನ್ನು ಬಿಚ್ಚಿ ನೋಡದೆ ನೀವು ಗುಜರಿಗೆ ಹಾಕುವವರಲ್ಲ. ಮನುಷ್ಯರನ್ನು ಹಾಗೆ ಹಾಕಬಹುದೇ?

ಕ್ಷಮಿಸಿ, ಇಲ್ಲಿ ಹಾಳೆ ಹರಿಯಬೇಕಿತ್ತು. ಹರಿಯುವುದಿಲ್ಲ.

ನೀವು ಕೆಟ್ಟವರಲ್ಲ ಎಂದು ನನಗೆ ಗೊತ್ತು. ಕೆಟ್ಟವರಾಗಿದ್ದರೆ ಇಷ್ಟರಲ್ಲಿ ಇಲ್ಲ ಎಂದೇ ಹೇಳಿ ಕಳಿಸುತ್ತಿದ್ದಿರಿ. ನೀವು ಹೆದರಿದ್ದೀರಿ. ಉತ್ತರ ಏನಿರಬಹುದೋ ಎಂದು ಹೆದರಿ ಪ್ರಶ್ನೆಯನ್ನೇ ಕೇಳದೆ ಕುಳಿತಿದ್ದೀರಿ. ಈಗ ಉತ್ತರ ನಿಮ್ಮ ಕೈಯಲ್ಲಿದೆ. ಹೋಗಿ. ಮಾಮನ ಮೂಲಕವೂ ಬೇಡ, ನಿಮ್ಮ ತಂಗಿಯ ಮೂಲಕವೂ ಬೇಡ. ಉಮ್ಮ ಸಂಜೆಯ ಅಸರ್ ನಮಾಝ್ ಮುಗಿಸಿ ಜಗಲಿಯಲ್ಲಿ ಇರುತ್ತಾಳೆ. ಅವಳು ನಿಮ್ಮನ್ನು ಬೈಯಬಹುದು. ಬೈಸಿಕೊಳ್ಳಿ.

ನಿಮ್ಮ ಆರೋಗ್ಯ ಬಯಸುವ, ನಿಮ್ಮ ಮೇಲೆ ಇನ್ನೂ ಅರ್ಧ ಸಿಟ್ಟಿರುವ,
ಜಸ್ನಾ

ಮತ್ತೆ ಬರೆದದ್ದು, ಶನಿವಾರ:

ಉಮ್ಮನಿಗೆ ಹೇಳದೆ ಇದನ್ನು ಕಳಿಸಲು ಮನಸ್ಸಾಗಲಿಲ್ಲ. ಅವಳಿಗೆ ಹೇಳದೆ ಮಾಡಿದ್ದು ಸಾಕು ಎನಿಸಿತು. ಇಡೀ ಕಾಗದವನ್ನು ಫೋನಿನಲ್ಲಿ ಓದಿದೆ. ಕೊನೆಗೆ, “ಚೆಂದ ಬರೆದಿದ್ದೀ. ಆದರೆ ಅವರಿಗೆ ಕೊಡಬೇಡ,” ಎಂದಳು. ಯಾಕೆ ಎಂದು ಜಗಳಕ್ಕೆ ನಿಂತೆ. “ಇದನ್ನು ಓದಿ ಬಂದರೆ ಅವರು ಬರುವುದು ನಿನ್ನ ಮಾತಿಗೆ. ಮುಂದೆ ಇನ್ನೊಂದು ಮಾತು ಬಂದಾಗಲೂ ನೀನು ಸೌದಿಯಿಂದ ಕಾಗದ ಬರೆಯುತ್ತೀಯಾ? ನನಗೆ ಬೇಕಾದ್ದು ಏನೂ ಗೊತ್ತಿಲ್ಲದೆ ಬರುವ ಮನುಷ್ಯ,” ಎಂದಳು.

ಆದ್ದರಿಂದ ಶಹೀರ್ ಈ ಕಾಗದವನ್ನು ನಿಮಗೆ ಕೊಡುವುದಿಲ್ಲ, ಉಮ್ಮನಿಗೆ ಕೊಡುತ್ತಾನೆ. ನೀವಾಗಿಯೇ ಬಂದು ಅವಳನ್ನು ಕೇಳಿದರೆ, ಅವಳ ಬಾಯಿಂದಲೇ ಎಲ್ಲ ಕೇಳಿದ ಮೇಲೆ, ಬೇಕೆನಿಸಿದರೆ ಅವಳು ಇದನ್ನು ನಿಮಗೆ ಓದಲು ಕೊಡುತ್ತಾಳೆ. ನೀವು ಬರದಿದ್ದರೆ ಒಲೆಗೆ ಹಾಕುತ್ತಾಳೆ.

ಅಂದರೆ ನೀವು ಇದನ್ನು ಓದುತ್ತಿದ್ದೀರಿ ಎಂದಾದರೆ ನಮ್ಮ ಮನೆಯಲ್ಲಿ ಕುಳಿತು ಓದುತ್ತಿದ್ದೀರಿ, ನನ್ನ ಒಂದು ವಾದವೂ ನಿಮಗೆ ಬೇಕಾಗಿರಲಿಲ್ಲ. ನಾನು ಬರೆದದ್ದೆಲ್ಲ ಯಾರ ಮನಸ್ಸನ್ನಾದರೂ ತಿರುಗಿಸಬೇಕೆಂದು ಬರೆದದ್ದು. ಇದೊಂದನ್ನು ಮಾತ್ರ, ಪೂರ್ತಿ ವ್ಯರ್ಥವಾಗಲಿ ಎಂದು ದುವಾ ಮಾಡಿ ಕಳಿಸುತ್ತಿದ್ದೇನೆ.